ಬೀದಿಯ ಬೋರ್ಡು ನಮ್ಮದು, ಜಾಲದ ಬೋರ್ಡು ಯಾರದು?



ಹೋದ ಮದುವೆ ಸೀಸನ್ನಿನಲ್ಲಿ ನಮ್ಮ ಪ್ರೆಸ್ಸಿನ ಹಳೆಯ ಗಿರಾಕಿಯೊಬ್ಬರು ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಮಗಳ ಲಗ್ನಪತ್ರಿಕೆ. ಅವರ ಹಿರಿಯ ಮಗನ ಮದುವೆಗೂ, ಮನೆಯ ಗೃಹಪ್ರವೇಶಕ್ಕೂ ಕಾರ್ಡು ಅಚ್ಚು ಹಾಕಿಕೊಟ್ಟವನು ನಾನೇ. ಆದರೆ ಈ ಕಾರ್ಡು ನನ್ನ ಯಂತ್ರದಿಂದ ಬಂದದ್ದಲ್ಲ, ಶಿವಕಾಶಿಯಿಂದ ಬಂದದ್ದು. ಅವರು ಸಂಕೋಚದಿಂದಲೇ ಹೇಳಿದರು: “ತಪ್ಪು ತಿಳಿಯಬೇಡಿ ಸ್ವಾಮಿ. ಮಗ ಫೋನಿನಲ್ಲಿ ಹುಡುಕಿದ. ನಿಮ್ಮ ಪ್ರೆಸ್ಸು ಶಾಶ್ವತವಾಗಿ ಮುಚ್ಚಿದೆ ಅಂತ ತೋರಿಸಿತು. ಈಗ ಈ ದಾರಿಯಲ್ಲಿ ಬರುವಾಗ ಯಂತ್ರದ ಸದ್ದು ಕೇಳಿ ಒಳಗೆ ಬಂದೆ.”

ಶಾಶ್ವತವಾಗಿ ಮುಚ್ಚಿದೆ! ಬೆನ್ನ ಹಿಂದೆ ಆಫ್‌ಸೆಟ್ ಯಂತ್ರ ಓಡುತ್ತಿದೆ. ಹುಡುಗರು ಕಾಗದ ಜೋಡಿಸುತ್ತಿದ್ದಾರೆ. ನಾನು ಪ್ರೂಫ್ ತಿದ್ದುತ್ತಾ ಕೂತಿದ್ದೇನೆ. ಜಾಲದಲ್ಲಿ ಮಾತ್ರ ನಮಗೆ ತಿಥಿ ಆಗಿಹೋಗಿದೆ!

ಹುಡುಕುತ್ತಾ ಹೋದಾಗ ಕಥೆ ಬಿಚ್ಚಿಕೊಂಡಿತು. ನಾಲ್ಕು ವರ್ಷದ ಹಿಂದೆ ಟೈ ಕಟ್ಟಿಕೊಂಡು ಒಬ್ಬ ಏಜೆಂಟ ಬಂದಿದ್ದ. “ನಿಮ್ಮ ವೆಬ್‌ಸೈಟನ್ನು ಆನ್‌ಲೈನ್ ಡೈರೆಕ್ಟರಿಗೆ ಸೇರಿಸುತ್ತೇವೆ, ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದೇ” ಎಂದ. ಏಳು ಸಾವಿರ ಎಣಿಸಿಕೊಂಡು ಹೋದ. ಅವನು ನಮ್ಮ ಪ್ರೆಸ್ಸನ್ನು ಸೇರಿಸಿದ್ದೇನೋ ನಿಜ, ಆದರೆ ತನ್ನ ಖಾತೆಯಲ್ಲಿ ಸೇರಿಸಿದ. ಹೆಸರಿನ ಇಂಗ್ಲಿಷ್ ಕಾಗುಣಿತ ತಪ್ಪು. ಕನ್ನಡದ ಒಂದಕ್ಷರವೂ ಇಲ್ಲ. ಆಮೇಲೆ ನಾವು ಪಕ್ಕದ ರಸ್ತೆಗೆ ಪ್ರೆಸ್ಸು ಬದಲಿಸಿದೆವು. ಪಟ್ಟಿಯಲ್ಲಿ ಹಳೆಯ ವಿಳಾಸವೇ ಉಳಿಯಿತು. ಹಳೆಯ ಕಟ್ಟಡದ ಶಟರ್ ಇಳಿದದ್ದನ್ನು ನೋಡಿ ಯಾರೋ ದಾರಿಹೋಕರು “ಇದು ಮುಚ್ಚಿದೆ” ಎಂದು ತಿಳಿಸಿದರು. ಅವರದು ತಪ್ಪಲ್ಲ, ಕಂಡದ್ದನ್ನು ಹೇಳಿದರು. ತಿದ್ದೋಣವೆಂದರೆ ಪಾಸ್‌ವರ್ಡ್ ಏಜೆಂಟನ ಬಳಿ, ಏಜೆಂಟನ ಫೋನು ಚಾಲ್ತಿಯಲ್ಲಿಲ್ಲ. ನನ್ನ ಅಂಗಡಿಯ ಬೀಗದ ಕೈ ಇನ್ನೊಬ್ಬನ ಜೇಬಿನಲ್ಲಿ!

ಆ ಏಜೆಂಟ ಯಾರು, ಪಟ್ಟಿ ಯಾವುದು ಎನ್ನುವುದು ಇಲ್ಲಿ ಬೇಡ. ಒಬ್ಬನನ್ನು ಬೈದು ಕೈ ತೊಳೆದುಕೊಳ್ಳುವ ವಿಷಯ ಇದಲ್ಲ. ಮೂಗು ಕೊಯ್ಯಿಸಿಕೊಂಡವನು ನಾನು, ನಿಮ್ಮ ಮೂಗಾದರೂ ಉಳಿಯಲಿ ಎಂದು ಬರೆಯುತ್ತಿದ್ದೇನೆ. ನೀವು ಹಿಟ್ಟಿನ ಗಿರಣಿ ಇಟ್ಟಿರಬಹುದು, ಟೈಲರ್ ಅಂಗಡಿ ಇರಬಹುದು, ಖಾನಾವಳಿ ಇರಬಹುದು. ಜಾಲದ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ನೀವು ಬರೆಯದಿದ್ದರೆ ಬೇರೆ ಯಾರೋ ಬರೆಯುತ್ತಾರೆ, ತಮಗೆ ಬಂದ ಭಾಷೆಯಲ್ಲಿ, ತಮಗೆ ತೋಚಿದ ಹಾಗೆ. ನಾನು ಹೇಳುವುದು ಇಷ್ಟೇ: ಅದನ್ನು ನೀವೇ ಬರೆಯಿರಿ, ಸರಿಯಾಗಿ ಬರೆಯಿರಿ, ಕನ್ನಡದಲ್ಲೂ ಬರೆಯಿರಿ. ಅದಕ್ಕೆ ಒಂದು ಕಾಸೂ ಕೊಡಬೇಕಾಗಿಲ್ಲ.

ಡೈರೆಕ್ಟರಿ ಎನ್ನುವುದು ಹೊಸ ಸರಕೇನಲ್ಲ. ಅಮೆರಿಕದ ಶಿಕಾಗೋದಲ್ಲಿ 1886ರಲ್ಲಿ ರೂಬೆನ್ ಡೊನೆಲ್ಲಿ ಎಂಬಾತ ವ್ಯಾಪಾರಿಗಳ ಹೆಸರನ್ನು ಕಸುಬಿನ ಪ್ರಕಾರ ವಿಂಗಡಿಸಿ ಹಳದಿ ಪುಟಗಳ ಪುಸ್ತಕ ತಂದ. ನಮ್ಮಲ್ಲೂ ದಪ್ಪನೆಯ ಟೆಲಿಫೋನ್ ಡೈರೆಕ್ಟರಿ ಮನೆಮನೆಗೆ ಬರುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ಅದರಲ್ಲಿ ಹೆಸರು ತಪ್ಪಾಗಿ ಅಚ್ಚಾದರೆ ಇಡೀ ವರ್ಷ ತಪ್ಪೇ ಗತಿ. ಮುದ್ರಕನಾಗಿ ನನಗೆ ಆ ಸಂಕಟ ಗೊತ್ತು. ಜಾಲದ ಪಟ್ಟಿಯಲ್ಲಿ ಹಾಗಲ್ಲ, ಈಗ ತಪ್ಪು ಕಂಡರೆ ಈಗಲೇ ತಿದ್ದಬಹುದು. ಆದರೆ ಪ್ರೂಫ್ ನೋಡುವವನು ಬೇಕಲ್ಲ! ನಮ್ಮ ಬಹುಪಾಲು ವ್ಯಾಪಾರಿಗಳು ತಮ್ಮದೇ ಹೆಸರಿನ ಪ್ರೂಫನ್ನು ಇವತ್ತಿಗೂ ನೋಡಿಲ್ಲ.

ಜಾಲದಲ್ಲಿ ಮೊದಲ ದೊಡ್ಡ ಡೈರೆಕ್ಟರಿ ಯಾಹೂ. 1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೋ, ತಮಗೆ ಇಷ್ಟವಾದ ತಾಣಗಳ ಪಟ್ಟಿ ಮಾಡಲು ಹೋಗಿ ಅದು ಕಂಪನಿಯಾಯಿತು. ಮುಂದೆ ವ್ಯಾಪಾರಿ ವೆಬ್‌ಸೈಟುಗಳಿಗೆ ಅವರು ವರ್ಷಕ್ಕೆ 299 ಡಾಲರ್ ಶುಲ್ಕ ಇಟ್ಟರು. ಮೊದಲ ಸಲ ಕಟ್ಟುವ ಹಣ ಹೆಸರು ಸೇರಿಸುತ್ತೇವೆ ಎಂಬುದಕ್ಕಲ್ಲ, ನಿಮ್ಮ ಅರ್ಜಿಯನ್ನು ನೋಡುತ್ತೇವೆ ಎಂಬುದಕ್ಕೆ. ತಿರಸ್ಕರಿಸಿದರೆ ಹಣ ವಾಪಸ್ಸಿಲ್ಲ! ಅಷ್ಟೆಲ್ಲ ಗತ್ತಿನಲ್ಲಿ ಮೆರೆದ ಆ ಡೈರೆಕ್ಟರಿಯನ್ನು 2014ರ ಡಿಸೆಂಬರಿನಲ್ಲಿ ಅವರೇ ಮುಚ್ಚಿದರು.

ಇದಕ್ಕೆ ಎದುರಾಗಿ 1998ರಲ್ಲಿ ಇನ್ನೊಂದು ಪಟ್ಟಿ ಹುಟ್ಟಿತು. ಅದು ಓಪನ್ ಡೈರೆಕ್ಟರಿ, ಜನ ಕರೆಯುತ್ತಿದ್ದದ್ದು ಡಿಮೋಜ್ ಎಂದು. ಅಲ್ಲಿ ಕಾಸಿಲ್ಲ. ಲೋಕದ ಬೇರೆಬೇರೆ ಕಡೆಯ ಸ್ವಯಂಸೇವಕರು ಒಂದೊಂದು ವಿಭಾಗ ವಹಿಸಿಕೊಂಡು, ತಾಣಗಳನ್ನು ಕಣ್ಣಾರೆ ನೋಡಿ ಸೇರಿಸುತ್ತಿದ್ದರು. ಅರ್ಜಿ ಹಾಕಿದವರು ತಿಂಗಳುಗಟ್ಟಲೆ ಕಾಯುತ್ತಿದ್ದರು. ಅದೂ 2017ರ ಮಾರ್ಚ್ 17ರಂದು ನಿಂತಿತು. ಗೂಗಲ್ ಕಂಪನಿ ಸಣ್ಣ ವ್ಯಾಪಾರಿಗಳಿಗೆ ಪುಕ್ಕಟೆಯಾಗಿ ಕಟ್ಟಿಕೊಟ್ಟಿದ್ದ ಒಂದು ಪುಟದ ವೆಬ್‌ಸೈಟುಗಳನ್ನೂ 2024ರ ಮಾರ್ಚಿನಲ್ಲಿ ನಿಲ್ಲಿಸಿಬಿಟ್ಟರು.

ಇದರಿಂದ ಕಲಿಯುವ ಪಾಠ ಏನು? ಪಟ್ಟಿ ಎನ್ನುವುದು ಬಾಡಿಗೆ ಮನೆಯ ಗೋಡೆ. ಅಲ್ಲಿ ಬೋರ್ಡು ಹಾಕಿ, ಖಂಡಿತ ಹಾಕಿ. ಆದರೆ ಮಾಲೀಕ ಯಾವಾಗ ಗೋಡೆ ಕೆಡವುತ್ತಾನೋ ಹೇಳಲಾಗದು. ಆದ್ದರಿಂದ ಒಂದು ಪುಟವಾದರೂ ಸರಿಯೇ, ನಿಮ್ಮದೇ ಹೆಸರಿನ ಸ್ವಂತ ವೆಬ್‌ಸೈಟು ಇರಲಿ. ಪಟ್ಟಿಗಳೆಲ್ಲ ಅದರ ಕಡೆಗೆ ಕೈ ತೋರಿಸುವ ಕೈಮರಗಳಾಗಿರಲಿ. ಆ ವಿಳಾಸವನ್ನು ನೋಂದಾಯಿಸುವಾಗ ಒಡೆಯನ ಜಾಗದಲ್ಲಿ ಇರಬೇಕಾದ್ದು ನಿಮ್ಮ ಹೆಸರು, ವೆಬ್‌ಸೈಟು ಮಾಡಿಕೊಟ್ಟ ಹುಡುಗನ ಹೆಸರಲ್ಲ.

ಇವತ್ತು ಲೆಕ್ಕಕ್ಕೆ ಬರುವ ಪಟ್ಟಿಗಳು ಯಾವುವು? ಗೂಗಲ್ ನಕ್ಷೆಯ ವ್ಯಾಪಾರಿ ಪಟ್ಟಿ, ಮೈಕ್ರೋಸಾಫ್ಟಿನ ಬಿಂಗ್, ಆಪಲ್ ಮ್ಯಾಪ್. ನಮ್ಮ ದೇಶದ್ದೇ ಆದ ಜಸ್ಟ್ ಡಯಲ್, ಇಂಡಿಯಾಮಾರ್ಟ್. ಎರಡೂ 1996ರಲ್ಲಿ ಶುರುವಾದವು. ಇವುಗಳಲ್ಲಿ ಹೆಸರು ಸೇರಿಸುವುದಕ್ಕೆ ಹಣವಿಲ್ಲ. ಹಣ ಕೇಳುವುದು ಜಾಹೀರಾತಿಗೆ, ಮೇಲಿನ ಸಾಲಿಗೆ, ಗಿರಾಕಿಗಳ ವಿಚಾರಣೆ ಕಳಿಸುವುದಕ್ಕೆ. ಅದು ಬೇಕೋ ಬೇಡವೋ ಎನ್ನುವುದು ನಿಮ್ಮ ವ್ಯಾಪಾರಕ್ಕೆ ಬಿಟ್ಟದ್ದು. ಆದರೆ ಎರಡನ್ನೂ ಕಲಸಿ, “ನೋಂದಣಿ ಶುಲ್ಕ” ಎಂದು ನಿಮ್ಮ ಗಲ್ಲಾಪೆಟ್ಟಿಗೆಗೆ ಕೈ ಹಾಕುವವರಿದ್ದಾರೆ, ಎಚ್ಚರ! “ನಾವು ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಇವತ್ತೇ ಹಣ ಕಟ್ಟದಿದ್ದರೆ ನಿಮ್ಮ ಹೆಸರು ತೆಗೆಯುತ್ತೇವೆ” ಎಂದು ಫೋನು ಬಂದರೆ ಮಾತು ಮುಂದುವರಿಸದೆ ಇಟ್ಟುಬಿಡಿ. ನಕ್ಷೆಯ ಸ್ಥಳೀಯ ಹುಡುಕಾಟದಲ್ಲಿ ಮೇಲೆ ಬರಲು ಹಣ ಕೊಡುವ ದಾರಿಯೇ ಇಲ್ಲ ಎಂದು ಗೂಗಲ್ ತಾನಾಗಿಯೇ ಹೇಳುತ್ತದೆ. ಅದು ನೋಡುವುದು ಮೂರು ವಿಷಯ: ಹುಡುಕಿದ್ದಕ್ಕೂ ನಿಮ್ಮ ಕಸುಬಿಗೂ ಹೊಂದಾಣಿಕೆ ಇದೆಯೇ, ಎಷ್ಟು ಹತ್ತಿರದಲ್ಲಿದ್ದೀರಿ, ನಾಲ್ಕು ಜನಕ್ಕೆ ಎಷ್ಟು ಪರಿಚಿತರು. “ಮೊದಲ ಹೆಸರು ನಿಮ್ಮದೇ” ಎಂದು ಗ್ಯಾರಂಟಿ ಕೊಟ್ಟವನು ತನ್ನದಲ್ಲದ ಸರಕನ್ನು ಮಾರುತ್ತಿದ್ದಾನೆ ಎಂದೇ ತಿಳಿಯಿರಿ.

ಇನ್ನು ಕೆಲಸದ ಮಾತಿಗೆ ಬರೋಣ. ಮೊದಲನೆಯದು ಬೀಗದ ಕೈ. ಖಾತೆ ನಿಮ್ಮ ಹೆಸರಿನಲ್ಲಿರಲಿ, ನಿಮ್ಮ ಫೋನಿಗೆ ಕಟ್ಟಿರಲಿ. ಮಗನೋ ಮಗಳೋ ಸಹಾಯ ಮಾಡಲಿ, ಪಾಸ್‌ವರ್ಡ್ ಮಾತ್ರ ನಿಮ್ಮ ಡೈರಿಯಲ್ಲಿರಲಿ. ಏಜೆಂಟನೇ ಮಾಡಬೇಕೆಂದಿದ್ದರೆ ಅವನನ್ನು ಕೆಲಸಗಾರನಾಗಿ ಸೇರಿಸಿ, ಒಡೆಯನಾಗಿ ಅಲ್ಲ. ಗೂಗಲ್ ಪಟ್ಟಿಯಲ್ಲಿ ಒಡೆಯ ಬೇರೆ, ಮ್ಯಾನೇಜರ್ ಬೇರೆ ಎಂದು ಎರಡು ದರ್ಜೆ ಇದೆ. ಮ್ಯಾನೇಜರನನ್ನು ಬೇಕಾದಾಗ ತೆಗೆಯಬಹುದು. ಈಗಾಗಲೇ ಬೇರೆಯವರ ಕೈಯಲ್ಲಿ ಸಿಕ್ಕಿದ್ದರೆ ಹೊಸದಾಗಿ ಇನ್ನೊಂದನ್ನು ಮಾಡಬೇಡಿ. ಒಂದೇ ಅಂಗಡಿಗೆ ಎರಡು ಹೆಸರಾದರೆ ಎರಡೂ ಕೆಡುತ್ತವೆ. ಅಲ್ಲೇ ಒಡೆತನ ಕೇಳುವ ಗುಂಡಿ ಇದೆ, ಅದನ್ನು ಒತ್ತಿ ಕೇಳಿ.

ಎರಡನೆಯದು ಹೆಸರು. ಅಂಗಡಿಯ ಮೇಲೆ ಏನಿದೆಯೋ ಅದೇ ಹೆಸರು. ಜಾಣತನ ಮಾಡಿ “ಬೆಂಗಳೂರಿನ ಅತ್ಯುತ್ತಮ ಕಡಿಮೆ ದರದ ಲಗ್ನಪತ್ರಿಕೆ” ಎಂದೆಲ್ಲ ಹೆಸರಿಗೆ ಬಾಲ ಕಟ್ಟಿದರೆ ಅದು ನಿಯಮಕ್ಕೆ ವಿರುದ್ಧ, ಪಟ್ಟಿಯಿಂದಲೇ ತೆಗೆದಾರು. ಹೆಸರು, ವಿಳಾಸ, ಫೋನ್ ನಂಬರು ಮೂರೂ ಎಲ್ಲ ಪಟ್ಟಿಗಳಲ್ಲಿ, ನಿಮ್ಮ ವೆಬ್‌ಸೈಟಿನಲ್ಲಿ, ಬಿಲ್ ಪುಸ್ತಕದಲ್ಲಿ ಒಂದೇ ರೀತಿ ಇರಲಿ. 2014ರ ನವೆಂಬರ್ 1ರಂದು ನಮ್ಮ ಹನ್ನೆರಡು ನಗರಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಬಂತು. ಹುಬ್ಬಳ್ಳಿ ಹುಬ್ಬಳ್ಳಿಯಾಯಿತು, ಬೆಳಗಾವಿ ಬೆಳಗಾವಿಯಾಯಿತು. ಆದರೂ ಒಂದು ಪಟ್ಟಿಯಲ್ಲಿ ಹಳೆಯ ಹುಬ್ಳಿ, ಇನ್ನೊಂದರಲ್ಲಿ ಹುಬ್ಬಳ್ಳಿ ಎಂದು ಬರೆಸಿಕೊಂಡ ವ್ಯಾಪಾರಿಗಳು ಎಷ್ಟಿಲ್ಲ! ಸರ್ಕಾರ ಹೆಸರು ಬದಲಿಸಿತು, ನಾವು ಲೆಟರ್‌ಹೆಡ್ ಬದಲಿಸಲಿಲ್ಲ.

ಮೂರನೆಯದು ಕಸುಬಿನ ವಿಭಾಗ. ಮುದ್ರಣಾಲಯವೋ, ಲಗ್ನಪತ್ರಿಕೆ ಅಂಗಡಿಯೋ, ಜೆರಾಕ್ಸ್ ಅಂಗಡಿಯೋ? ನಿಮ್ಮ ಮುಖ್ಯ ಕಸುಬು ಯಾವುದೋ ಅದನ್ನೇ ಮೊದಲು ಆರಿಸಿ. ಇಲ್ಲಿ ತಪ್ಪಿದರೆ ಅಕ್ಕಿ ಅಂಗಡಿಯ ಸಾಲಿನಲ್ಲಿ ಚಪ್ಪಲಿ ಇಟ್ಟ ಹಾಗೆ, ಕೇಳುವವರು ಬರುವುದಿಲ್ಲ.

ನಾಲ್ಕನೆಯದು ಪರಿಶೀಲನೆ. ಅಂಗಡಿ ನಿಜವಾಗಿ ಇದೆಯೇ, ನೀವೇ ನಡೆಸುತ್ತೀರಾ ಎಂದು ಅವರು ಕೇಳುತ್ತಾರೆ. ಕೆಲವೊಮ್ಮೆ ಫೋನಿಗೆ ಸಂಖ್ಯೆ ಬರುತ್ತದೆ. ಈಗ ಹೆಚ್ಚಾಗಿ ವೀಡಿಯೋ ಕೇಳುತ್ತಾರೆ. ರಸ್ತೆ ತೋರಿಸಿ, ಬೋರ್ಡು ತೋರಿಸಿ, ಬಾಗಿಲು ತೆಗೆದು ಒಳಗೆ ಹೋಗಿ, ಯಂತ್ರ ತೋರಿಸಿ. ಎಲ್ಲ ಒಂದೇ ಓಟದಲ್ಲಿ, ನಿಲ್ಲಿಸದೆ. ಗಮನಿಸಿ ಬಂಧುಗಳೇ, ಇಲ್ಲಿ ನಿಮ್ಮ ಸಾಕ್ಷಿ ಹೇಳುವುದು ನಿಮ್ಮ ಅಂಗಡಿಯ ನಾಮಫಲಕ!

ನಾಮಫಲಕ ಎಂದ ಕೂಡಲೇ ನಮ್ಮ ನಾಡಿನ ಮಾತು ಬಂದೇ ಬರುತ್ತದೆ. 2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಬೋರ್ಡುಗಳಿಗಾಗಿ ನಡೆದ ಹೋರಾಟ ನಿಮಗೆ ಗೊತ್ತು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂದು, ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂದಾಯಿತು. ಒಳ್ಳೆಯದು. ಬೀದಿಯ ಬೋರ್ಡಿನಲ್ಲಿ ಕನ್ನಡ ಬಂತು. ಈಗ ಅದೇ ಅಂಗಡಿಯನ್ನು ಫೋನಿನಲ್ಲಿ ಹುಡುಕಿ ನೋಡಿ. ಹೆಸರು ಇಂಗ್ಲಿಷಿನಲ್ಲಿ, ವಿವರಣೆ ಇಂಗ್ಲಿಷಿನಲ್ಲಿ, ಗಿರಾಕಿಗೆ ಕೊಟ್ಟ ಉತ್ತರವೂ ಇಂಗ್ಲಿಷಿನಲ್ಲಿ. ಶೇಕಡಾ 60 ಹಾಗಿರಲಿ, ಶೇಕಡಾ 1 ಕೂಡ ಇಲ್ಲ! ಇವತ್ತು ಗಿರಾಕಿ ಮೊದಲು ನೋಡುವ ಬೋರ್ಡು ಯಾವುದು? ಬೀದಿಯದೋ, ಅಂಗೈಯಲ್ಲಿರುವುದೋ? ಈ ಬೋರ್ಡಿಗೆ ಯಾವ ಕಂಪನಿಯ ಎದುರೂ ಧರಣಿ ಕೂರಬೇಕಾಗಿಲ್ಲ. ಬರೆಯುವ ಕುಂಚ ನಮ್ಮ ಕೈಯಲ್ಲೇ ಇದೆ. ಬರೆಯದವರು ನಾವೇ.

“ಕನ್ನಡದಲ್ಲಿ ಯಾರು ಹುಡುಕುತ್ತಾರೆ?” ಎಂದು ಕೇಳುವವರಿಗೆ ನನ್ನ ಉತ್ತರ ಇದು. ಬೆರಳಿನಲ್ಲಿ ಒತ್ತಲು ಬಾರದ ಅಜ್ಜನೂ ಇವತ್ತು ಫೋನಿಗೆ ಬಾಯಿ ಕೊಟ್ಟು ಮಾತಾಡುತ್ತಾನೆ. “ಇಲ್ಲಿ ಹತ್ತಿರ ಲಗ್ನಪತ್ರಿಕೆ ಎಲ್ಲಿ ಮಾಡ್ತಾರೆ” ಎಂದು ಕನ್ನಡದಲ್ಲಿ ಕೇಳುತ್ತಾನೆ. ಆಗ ಫೋನು ಹುಡುಕುವುದು ಲಗ್ನಪತ್ರಿಕೆ ಎಂಬ ಶಬ್ದವನ್ನು. ನಿಮ್ಮ ಪಟ್ಟಿಯಲ್ಲಿ, ನಿಮ್ಮ ವೆಬ್‌ಸೈಟಿನಲ್ಲಿ ಆ ಶಬ್ದವೇ ಇಲ್ಲದಿದ್ದರೆ? ಅದು ಇರುವ ಬೇರೆ ಊರಿನ ಅಂಗಡಿ ಮುಂದೆ ಬರಬಹುದು. ಮುದ್ರಣ ಕಾಶಿ ಎನಿಸಿಕೊಂಡ ಗದಗ ನಮ್ಮಲ್ಲೇ ಇರುವಾಗ, ಬೆಂಗಳೂರಿನ ಸುಲ್ತಾನ್‌ಪೇಟೆಯ ತುಂಬ ಕಾರ್ಡಿನ ಅಂಗಡಿಗಳಿರುವಾಗ, ನಮ್ಮ ಮದುವೆಗಳ ಕಾರ್ಡು ಶಿವಕಾಶಿಯಿಂದ ಬರುತ್ತದೆ. ಶಿವಕಾಶಿಯವರನ್ನು ದೂರಬೇಡಿ. ಅವರು ದುಡಿಯುವ ಜನ. ಗಿರಾಕಿಯ ಕಣ್ಣಿಗೆ ಬೀಳದೇ ಹೋದದ್ದು ನಮ್ಮ ತಪ್ಪು.

ಕನ್ನಡದಲ್ಲಿ ಬರೆಯುವಾಗ ಒಂದು ಎಚ್ಚರ ಬೇಕು. ಇದನ್ನು ಮುದ್ರಕನಾಗಿ ಹೇಳುತ್ತೇನೆ. ನಮ್ಮ ಪ್ರೆಸ್ಸುಗಳಲ್ಲಿ ವರ್ಷಗಟ್ಟಲೆ ಬಳಸಿದ ನುಡಿ, ಶ್ರೀಲಿಪಿ, ಬರಹದಂಥ ತಂತ್ರಾಂಶಗಳ ಹಳೆಯ ಅಕ್ಷರಗಳು ಕಾಗದಕ್ಕೆ ಚಂದ. ಆದರೆ ಒಳಗೆ ಇಂಗ್ಲಿಷಿನ ಗುರುತು, ಮೇಲೆ ಕನ್ನಡದ ವೇಷ. ಅದನ್ನೇ ತೆಗೆದು ವೆಬ್‌ಸೈಟಿಗೆ ಅಂಟಿಸಿದರೆ ವೇಷ ಕಳಚಿ ಯಾರಿಗೂ ಅರ್ಥವಾಗದ ಗೊಜ್ಜಾಗುತ್ತದೆ. ಬೇಕಾದ್ದು ಯೂನಿಕೋಡ್ ಕನ್ನಡ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಇವತ್ತು ಫೋನಿನಲ್ಲಿ ಒತ್ತುವ ಕನ್ನಡವೆಲ್ಲ ಅದೇ. ಹೊಸ ನುಡಿಯಲ್ಲೂ, ಬರಹದಲ್ಲೂ ಆ ಸೌಕರ್ಯ ಇದೆ. ಇನ್ನೊಂದು ತಪ್ಪು, ಕನ್ನಡವನ್ನೆಲ್ಲ ಚಿತ್ರ ಮಾಡಿ ಹಾಕುವುದು. ಪೋಸ್ಟರ್ ಚಂದ ಕಾಣುತ್ತದೆ, ಸರಿ. ಆದರೆ ಚಿತ್ರದೊಳಗಿನ ಅಕ್ಷರವನ್ನು ನಂಬಿ ಕೂರಬೇಡಿ. ಅಕ್ಷರವನ್ನು ಅಕ್ಷರವಾಗಿಯೇ ಬರೆಯಿರಿ. ಗೂಗಲ್ ಪಟ್ಟಿಯಲ್ಲಿ ವಿವರಣೆಗೆ 750 ಅಕ್ಷರದ ಜಾಗ ಕೊಟ್ಟಿದ್ದಾರೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬರೆದರೂ ಸಾಕಾಗುತ್ತದೆ.

ಇಂಗ್ಲಿಷನ್ನು ತೆಗೆದು ಬಿಸಾಕಿ ಎಂದು ನಾನು ಹೇಳುತ್ತಿಲ್ಲ. ವ್ಯಾಪಾರಿಗೆ ಎಲ್ಲ ಗಿರಾಕಿಯೂ ದೇವರೇ. ಮನೆಯ ದೇವರಿಗೆ ದೀಪ ಹಚ್ಚದೆ ಊರ ದೇವರಿಗೆಲ್ಲ ಆರತಿ ಎತ್ತುವುದು ಬೇಡ ಎನ್ನುತ್ತಿದ್ದೇನೆ. ನನ್ನದೇ ತಪ್ಪೊಪ್ಪಿಗೆ ಕೇಳಿ. ಬರೀ ಇಂಗ್ಲಿಷಿನ ವಿಸಿಟಿಂಗ್ ಕಾರ್ಡುಗಳನ್ನು ರಾಶಿರಾಶಿ ಅಚ್ಚು ಹಾಕಿದವನು ನಾನು. “ಒಂದು ಬದಿ ಕನ್ನಡ ಇರಲಿ ಸ್ವಾಮಿ” ಎಂದು ಗಿರಾಕಿಗೆ ಹೇಳುವ ಧೈರ್ಯ ಎಷ್ಟೋ ಸಲ ಬರಲಿಲ್ಲ. ನನ್ನ ಪ್ರೆಸ್ಸಿನ ವೆಬ್‌ಸೈಟಿನಲ್ಲೇ ಕನ್ನಡ ಇರಲಿಲ್ಲ! ಊರಿಗೆಲ್ಲ ಕನ್ನಡದ ಕರಪತ್ರ ಅಚ್ಚು ಹಾಕಿಕೊಟ್ಟವನ ಸ್ವಂತ ಬಾಗಿಲಲ್ಲಿ ಈ ಗತಿ.

ಕಂಪನಿಗಳ ಪಟ್ಟಿಯ ಹೊರಗೂ ಒಂದು ಪಟ್ಟಿ ಇದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಓಪನ್ ಸ್ಟ್ರೀಟ್ ಮ್ಯಾಪ್, ಜನರೇ ಬರೆದು ಜನರಿಗೇ ಕೊಡುವ ನಕ್ಷೆ. ಅಲ್ಲಿ ಪ್ರತಿ ಜಾಗಕ್ಕೂ ಕನ್ನಡದ ಹೆಸರು ಬರೆಯಲು ಪ್ರತ್ಯೇಕ ಖಾನೆಯೇ ಇದೆ. ಬರೆಯಲು ಯಾರ ಅಪ್ಪಣೆಯೂ ಬೇಡ. ಇನ್ನು ವೆಬ್‌ಸೈಟಿನ ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಬರೆದು ಕೊನೆಗೆ ಚುಕ್ಕಿ ಭಾರತ ಎಂದು ಇಡಬಹುದು. 2011ರಲ್ಲಿ ಭಾರತದ ಭಾಷೆಗಳಿಗೆ ಈ ಭಾಗ್ಯ ಸಿಕ್ಕಾಗ ಮೊದಲ ಏಳರಲ್ಲಿ ತಮಿಳಿತ್ತು, ತೆಲುಗಿತ್ತು, ಕನ್ನಡ ಇರಲಿಲ್ಲ. ನಮ್ಮ ಸರದಿ ಆಮೇಲೆ ಬಂತು. ತಡವಾಗಿ ಸಿಕ್ಕಿದ್ದನ್ನೂ ಬಳಸದೆ ಬಿಟ್ಟರೆ ಮುಂದಿನ ಸಲ ಕೇಳಲು ನಮಗೆ ಬಾಯಿ ಎಲ್ಲಿರುತ್ತದೆ?

ನನ್ನ ಪ್ರೆಸ್ಸಿನ ಕಥೆ ಏನಾಯಿತು ಎನ್ನುತ್ತೀರಾ? ಒಡೆತನ ಕೇಳಿ ಬರೆದೆ. ಲೈಸೆನ್ಸು ತೋರಿಸಿದೆ, ಬಿಲ್ಲು ತೋರಿಸಿದೆ. ಬೀದಿಯಿಂದ ಹಿಡಿದು ಯಂತ್ರದ ತನಕ ವೀಡಿಯೋ ಮಾಡಿ ಕಳಿಸಿದೆ. ಮೂರು ವಾರ ಹಿಡಿಯಿತು. “ಮುಚ್ಚಿದೆ” ಹೋಗಿ “ತೆರೆದಿದೆ” ಬಂತು. ಹೆಸರಿನ ಕಾಗುಣಿತ ತಿದ್ದಿದೆ. ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ಬಿಲ್ ಪುಸ್ತಕ, ಕರಪತ್ರ ಎಂದು ಕನ್ನಡದಲ್ಲಿ ಬರೆದೆ. ಕೆಲವು ದಿನದ ಮೇಲೆ ವಯಸ್ಸಾದವರೊಬ್ಬರು ಫೋನು ಮಾಡಿದರು. “ಅಂಗಡಿ ತೆಗೆದಿದೆಯಾ ಅಪ್ಪಾ? ಫೋನಿಗೆ ಕನ್ನಡದಲ್ಲಿ ಕೇಳಿದೆ, ನಿಮ್ಮ ಹೆಸರು ಹೇಳಿತು.” ನೂರೈವತ್ತು ಗೃಹಪ್ರವೇಶದ ಕಾರ್ಡು. ದೊಡ್ಡ ಆರ್ಡರೇನಲ್ಲ. ಆದರೆ ಆ ಒಂದು ಮಾತಿಗೆ ನನ್ನ ಮನಸ್ಸು ತುಂಬಿತು. ಹೋದ ಲಗ್ನಪತ್ರಿಕೆ ಮಾತ್ರ ವಾಪಸ್ಸು ಬರಲಿಲ್ಲ. ಆ ಮನೆಯ ಮದುವೆ ಮುಗಿದೇ ಹೋಗಿತ್ತು.

ಆದ್ದರಿಂದ ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ನಿಮ್ಮ ಫೋನು ತೆಗೆದು ನಿಮ್ಮದೇ ಅಂಗಡಿಯನ್ನು ಕನ್ನಡದಲ್ಲಿ ಹುಡುಕಿ. ಸಿಕ್ಕಿತೇ? ವಿಳಾಸ ಸರಿಯಿದೆಯೇ? ನಂಬರು ನಿಮ್ಮದೇ? ಒಡೆಯ ನೀವೇ? ತಪ್ಪಿದ್ದರೆ ಅಂದೇ ತಿದ್ದಿ. ಈ ಪತ್ರಿಕೆಯನ್ನು ಮನೆಮನೆಗೆ ಹಂಚುವ ಕಾರ್ಯಕರ್ತ ಗೆಳೆಯರಿಗೂ ಒಂದು ಮಾತು. ಬೋರ್ಡು ಬದಲಿಸಿ ಎಂದು ಅಂಗಡಿಗೆ ಹೋಗುವ ನೀವು, ಹಾಗೆಯೇ ಹತ್ತು ನಿಮಿಷ ಕೂತು ಆ ಗಿರಣಿಯ ಅಣ್ಣನಿಗೆ, ಹೊಲಿಗೆಯ ಅಕ್ಕನಿಗೆ ಜಾಲದ ಬೋರ್ಡನ್ನೂ ಕನ್ನಡದಲ್ಲಿ ಬರೆದುಕೊಡಿ. ಪಾಸ್‌ವರ್ಡನ್ನು ಅವರ ಕೈಯಲ್ಲೇ ಬರೆಸಿಡಿ. ಏಜೆಂಟನಿಗೆ ಹೋಗುವ ಏಳು ಸಾವಿರ ಉಳಿಯುತ್ತದೆ, ಕನ್ನಡವೂ ಉಳಿಯುತ್ತದೆ.

ಪ್ರೂಫ್ ನೋಡದೆ ಅಚ್ಚಿಗೆ ಕಳಿಸಬಾರದು ಎಂದು ಕಸುಬು ಕಲಿಸಿದ ಹಿರಿಯರು ನನಗೆ ಹೇಳುತ್ತಿದ್ದರು. ನಿಮ್ಮ ಹೆಸರು ಈಗಾಗಲೇ ಲೋಕದ ಮುಂದೆ ಅಚ್ಚಾಗಿ ನಿಂತಿದೆ. ಪ್ರೂಫ್ ನೋಡುವ ಕೆಲಸ ಬಾಕಿ ಇದೆ, ಇವತ್ತೇ ನೋಡಿ.